ಎಲುಬಿನ ಪಂಚಾಂಗ

ಬೆಳಗಿನ ಐದಕ್ಕೆ ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ರಸ್ತೆಯಂಚಿನಲ್ಲಿ ಓಡುವ ಹುಡುಗರು ಕಾಣಿಸುತ್ತಾರೆ. ಮಿಲ್ಟ್ರಿ ಭರ್ತಿಗೆ ತಯಾರಾಗುತ್ತಿರುವವರು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ ಎನ್ನುವ ಲೆಕ್ಕ ಅವರಿಗೆ ಬಾಯಿಪಾಠ. ಒಂದು ಚಳಿಗಾಲದಲ್ಲಿ ಅಂಥ ಹುಡುಗನೊಬ್ಬ ಮೈಲಿಗಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ ಮೊಣಕಾಲ ಕೆಳಗಿನ ಎಲುಬನ್ನು ತಿಕ್ಕುತ್ತಿದ್ದ. ಏನಾಯಿತೆಂದು ಕೇಳಿದೆ. ಹೆಬ್ಬೆರಳಿನಿಂದ ಒಂದು ಜಾಗ ಒತ್ತಿ ತೋರಿಸಿದ. “ಇಷ್ಟ ಜಾಗಾ ನೋಡ್ರಿ ಸರ, ಬ್ಯಾರೆ ಎಲ್ಲೂ ಇಲ್ಲ. ದಮ್ಮ ಛಲೋ ಐತ್ರಿ, ಕಾಲಷ್ಟ ಮಾತ ಕೇಳವಲ್ದು.”

ವ್ಯಾಯಾಮ ವಿಜ್ಞಾನದ ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ್ದ. ದಮ್ಮಿನ ಪಂಚಾಂಗ ಬೇರೆ, ಕಾಲಿನ ಪಂಚಾಂಗ ಬೇರೆ. ರಕ್ತ ದಿನಗಳಲ್ಲಿ ಬದಲಾಗುತ್ತದೆ, ಸ್ನಾಯು ವಾರಗಳಲ್ಲಿ, ಎಲುಬು ತಿಂಗಳುಗಳಲ್ಲಿ. ಕಾಡುಮೇಡಿನಲ್ಲಿ ನಡೆಯುವ ಕಠಿಣ ಸೈನಿಕ ತರಬೇತಿಗೆ ಮೈ ಹದಗೊಳಿಸಬೇಕೆನ್ನುವವರು ಈ ಮೂರರಲ್ಲಿ ಅತಿ ನಿಧಾನದ್ದನ್ನು ಕಾಯಬೇಕು. ಹದಿನೆಂಟು ಇಪ್ಪತ್ತರ ಹುಡುಗರಿಗೆ ಈ ಮಾತನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಎನ್ನುವ ಸಂಕಟ ನನಗಿದೆ. ಅದಕ್ಕೇ ಈ ಅಧ್ಯಾಯ.

ಭರ್ತಿಯ ಓಟ ಬರಿಮೈಯ ಓಟ. ಒಳಗೆ ಸೇರಿದ ಮೇಲೆ ಹೊರೆ ಬೆನ್ನಿಗೇರುತ್ತದೆ. ನಮ್ಮ ಸೇನೆಯ ಯುದ್ಧ ಸಾಮರ್ಥ್ಯ ಪರೀಕ್ಷೆಯಲ್ಲಿ 5 ಕಿಲೋಮೀಟರ್ ಓಡುವುದು ಬೆನ್ನಚೀಲ ಮತ್ತು ರೈಫಲ್ ಸಮೇತ. ಅದಲ್ಲದೆ 60 ಮೀಟರಿನ ವೇಗದ ಓಟ, 9 ಅಡಿ ಹಳ್ಳದ ಜಿಗಿತ, ಹಗ್ಗ ಹತ್ತುವ ಪರೀಕ್ಷೆಗಳಿವೆ. ಇದೇ ಬೆಳಗಾವಿಯಲ್ಲಿ ಕಾಲಾಳುಪಡೆಯ ಕಿರಿಯ ನಾಯಕರಿಗೆ ಕಮಾಂಡೋ ತರಬೇತಿ ನಡೆಯುತ್ತದೆ. ಆದರೆ ದೇಹದೊಳಗೆ ಏನಾಗುತ್ತದೆ ಎಂದು ನೋಡಲು ನಾನು ಅಮೆರಿಕದ ರೇಂಜರ್ ಸ್ಕೂಲನ್ನು ಆರಿಸಿಕೊಂಡಿದ್ದೇನೆ. ವಿಜ್ಞಾನಿಗಳು ತಕ್ಕಡಿ, ಸಿರಿಂಜು ಹಿಡಿದು ಬಹಳ ಹತ್ತಿರದಿಂದ ಅಳೆದು ನೋಡಿದ ಕೋರ್ಸ್ ಅದು. 1950ರಲ್ಲಿ ಶುರುವಾಯಿತು. ಸುಮಾರು 62 ದಿನ ನಡೆಯುತ್ತದೆ. ಮೊದಲು ಜಾರ್ಜಿಯದ ಬಯಲು, ಆಮೇಲೆ ಅಲ್ಲಿನ ಬೆಟ್ಟ, ಕೊನೆಗೆ ಫ್ಲಾರಿಡಾದ ಜೌಗು. ಮೊದಲ ದಿನಗಳಲ್ಲೇ 5 ಮೈಲಿಯನ್ನು 40 ನಿಮಿಷದಲ್ಲಿ ಓಡಬೇಕೆನ್ನುವ ನಿಯಮ 2025ರವರೆಗೆ ಇತ್ತು. ಸುಮಾರು 16 ಕಿಲೋ ಹೊರೆ ಹೊತ್ತು 12 ಮೈಲಿ, ಅಂದರೆ 19 ಕಿಲೋಮೀಟರಿಗೂ ಹೆಚ್ಚು ದೂರವನ್ನು ಮೂರು ಗಂಟೆಯಲ್ಲಿ ಮುಗಿಸಬೇಕು. 16 ಕಿಲೋ ಎಂದರೆ ಎಷ್ಟು? ಅಡುಗೆಮನೆಯ ಸಿಲಿಂಡರಿನೊಳಗೆ ತುಂಬುವ ಅನಿಲವೇ 14.2 ಕಿಲೋ. ಮುಂದೆ ಬೆಟ್ಟದಲ್ಲಿ ಗಸ್ತು ತಿರುಗುವಾಗ ಹೊರೆ ಇಡೀ ತುಂಬಿದ ಸಿಲಿಂಡರಿನಷ್ಟಾಗುವುದೂ ಉಂಟು.

ಹೊರೆಯ ಬೆಲೆಯನ್ನು ದೇಹ ಹೇಗೆ ತೆರುತ್ತದೆ ಎಂಬುದಕ್ಕೆ ಒಳ್ಳೆಯ ಲೆಕ್ಕವೊಂದಿದೆ. ಅಮೆರಿಕದ ಸೇನಾ ಪ್ರಯೋಗಾಲಯದ ಪ್ಯಾಂಡಾಲ್ಫ್ ಮತ್ತು ಸಂಗಡಿಗರು 1977ರಲ್ಲಿ ಅದನ್ನು ಸೂತ್ರವಾಗಿ ಬರೆದರು. ನಡೆಯುವವನ ತೂಕ, ಹೊರೆ, ವೇಗ, ಏರು, ನೆಲದ ಗುಣ, ಈ ಐದನ್ನು ಕೊಟ್ಟರೆ ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅದು ಹೇಳುತ್ತದೆ. 65 ಕಿಲೋ ತೂಕದ ಹುಡುಗನೊಬ್ಬನನ್ನು ಆ ಸೂತ್ರಕ್ಕೆ ಹಾಕಿ ನೋಡಿದೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 5.4 ಕಿಲೋಮೀಟರ್ ವೇಗದಲ್ಲಿ ಬರಿಗೈಯಲ್ಲಿ ನಡೆದರೆ ಖರ್ಚು ಸುಮಾರು 317 ವಾಟ್. ಬೆನ್ನಿಗೆ 20 ಕಿಲೋ ಹೇರಿದರೆ 400. ಅದೇ ಹೊರೆ, ಅದೇ ವೇಗ, ಆದರೆ ಡಾಂಬರು ಬಿಟ್ಟು ದಟ್ಟ ಪೊದೆಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಾದರೆ 544. ಆ ಪೊದೆಗಾಡು ನೂರು ಅಡಿಗೆ ಐದಡಿ ಏರುತ್ತಿದ್ದರೆ 879!

ಅವನ ಮೈ ಪೂರ್ತಿ ದಮ್ಮು ಕಟ್ಟಿ ಉರಿದರೂ ಉತ್ಪಾದಿಸಬಲ್ಲದ್ದು ಸುಮಾರು ಸಾವಿರ ವಾಟ್. ಕಿಲೋ ತೂಕಕ್ಕೆ ನಿಮಿಷಕ್ಕೆ 45 ಮಿಲಿಲೀಟರ್ ಆಮ್ಲಜನಕ ಬಳಸಬಲ್ಲ ಸಾಧಾರಣ ಗಟ್ಟಿ ಹುಡುಗನ ಮಿತಿ ಅದು. ಆ ಮಿತಿಯ ಅರ್ಧದಷ್ಟರಲ್ಲಿ ಮನುಷ್ಯ ಗಂಟೆಗಟ್ಟಲೆ ನಡೆಯಬಲ್ಲ. ಮುಕ್ಕಾಲು ದಾಟಿದರೆ ಬೇಗ ಸೋಲುತ್ತಾನೆ. ಹಾಗಾಗಿ ಆ ಪೊದೆಗಾಡಿನ ಏರಿನಲ್ಲಿ ವೇಗವನ್ನು ಗಂಟೆಗೆ 3.4 ಕಿಲೋಮೀಟರಿಗೆ ಇಳಿಸಿದರೆ ಖರ್ಚು ಮತ್ತೆ 500ಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಹೊರೆ ಹೊತ್ತು ಗುಡ್ಡ ಹತ್ತುವ ಕೂಲಿಯವರ ಹೆಜ್ಜೆ ನೋಡಿದ್ದರೆ ಈ ಲೆಕ್ಕ ಹೊಸತೆನಿಸದು. ಅವರು ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಾರೆ, ನಿಲ್ಲುವುದಿಲ್ಲ.

ಈ ಸೂತ್ರದಲ್ಲಿ ಇನ್ನೊಂದು ಸತ್ಯ ಅಡಗಿದೆ. ಹೊರೆಯನ್ನು ದೇಹದ ತೂಕದಿಂದ ಭಾಗಿಸಿ, ಆ ಭಾಗಲಬ್ಧವನ್ನು ವರ್ಗ ಮಾಡುವ ಒಂದು ಪದ ಅಲ್ಲಿದೆ. ಸಣ್ಣ ಮೈಯವರಿಗೆ ಅದೇ ಹೊರೆ ಹೆಚ್ಚು ದುಬಾರಿ. ಬರಿಮೈಯ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಸಣಕಲು ಓಟಗಾರ ಬೆನ್ನಚೀಲ ಏರಿಸಿಕೊಂಡ ದಿನ ಹಿಂದೆ ಬೀಳುವುದು ಇದರಿಂದ. ಅವನಿಗೆ ಬೇಕಾದದ್ದು ಇನ್ನೊಂದಿಷ್ಟು ಓಟವಲ್ಲ, ತೊಡೆಗೂ ಸೊಂಟಕ್ಕೂ ಬೆನ್ನಿಗೂ ಬಲ. ನಮ್ಮ ಗರಡಿಮನೆಯ ಬಸ್ಕಿ, ದಂಡ, ಸಂಗ್ರಾಣಿ ಕಲ್ಲು, ಇವೆಲ್ಲ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. 2015ರ ಆಗಸ್ಟಿನಲ್ಲಿ ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ರೇಂಜರ್ ಸ್ಕೂಲ್ ಮುಗಿಸಿದ ಮೊದಲ ಹೆಣ್ಣುಮಕ್ಕಳಾದರು. ಗಂಡಸರ ಹೊರೆಯನ್ನೇ ಹೊತ್ತು, ಅದೇ ಬೆಟ್ಟ ಹತ್ತಿದವರು. ಅವರ ಸಾಧನೆಯ ತೂಕ ಎಷ್ಟೆಂದು ತಿಳಿಯಲು ಸೂತ್ರದ ಆ ಒಂದು ಪದ ಸಾಕು.

ಈಗ ಪಂಚಾಂಗಕ್ಕೆ ಬರೋಣ.

ಮೊದಲು ಬದಲಾಗುವುದು ರಕ್ತ. ಕ್ರಮವಾಗಿ ಓಡತೊಡಗಿದ ಮೊದಲ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇಕಡ ಹತ್ತರ ಆಸುಪಾಸು ಹೆಚ್ಚುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ. ಮೊನ್ನೆ ಏದುಸಿರು ಬಿಡಿಸಿದ ದಿಣ್ಣೆ ಇವತ್ತು ಸಲೀಸು. ಆಮೇಲೆ ಸ್ನಾಯುವಿನ ಸರದಿ. ಸ್ನಾಯುಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ಕೊಡುವ ಒಲೆಗಳು ಮೈಟೋಕಾಂಡ್ರಿಯಗಳು. 1967ರಲ್ಲಿ ಜಾನ್ ಹಾಲೋಜಿ ಎಂಬ ವಿಜ್ಞಾನಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಹನ್ನೆರಡು ವಾರ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಈ ಒಲೆಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾದದ್ದನ್ನು ತೋರಿಸಿದರು. ಮೂರು ತಿಂಗಳಲ್ಲಿ ಎರಡರಷ್ಟು. ದೇಹ ಇಷ್ಟು ಧಾರಾಳವಾಗಿ ಬೇರೆಲ್ಲೂ ಕೊಡುವುದಿಲ್ಲ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಇದಕ್ಕೆ ತದ್ವಿರುದ್ಧ. ಹಿಮ್ಮಡಿಯ ಹಿಂದೆ ಗಟ್ಟಿ ಹಗ್ಗದಂತೆ ಕೈಗೆ ಸಿಗುವುದೇ ಅಂಥ ಒಂದು ರಜ್ಜು. ಅದರ ವಯಸ್ಸನ್ನು ಪತ್ತೆ ಮಾಡಿದ ರೀತಿ ನನಗೆ ವಿಜ್ಞಾನದ ಅತಿ ಸೊಗಸಾದ ಕಥೆಗಳಲ್ಲೊಂದು. 1955ರಿಂದ 1963ರವರೆಗೆ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು, ನಂತರ ವರ್ಷ ವರ್ಷವೂ ಇಳಿಯುತ್ತ ಬಂತು. ಆ ಗಾಳಿಯ ಕಾರ್ಬನ್ ಬೆಳೆಗೆ, ಅನ್ನಕ್ಕೆ, ನಮ್ಮ ಮೈಗೆ ಸೇರಿತು. ದೇಹದ ಒಂದು ತುಣುಕಿನಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ತುಣುಕು ಯಾವ ಕಾಲದಲ್ಲಿ ಕಟ್ಟಿದ್ದು ಎಂದು ಹೇಳಬಹುದು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ರಜ್ಜುವಿನ ಒಳತಿರುಳನ್ನು ಹೀಗೆ ಅಳೆದರು. ಸುಮಾರು ಹದಿನೇಳರ ಪ್ರಾಯದವರೆಗೆ ಕಟ್ಟಿದ್ದು ಆಮೇಲೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ ಎಂದು ಗೊತ್ತಾಯಿತು. ನಲವತ್ತರ ಹವಾಲ್ದಾರ ಓಡುತ್ತಿರುವುದು ಹೈಸ್ಕೂಲಿನಲ್ಲಿ ತಯಾರಾದ ಹಗ್ಗದ ಮೇಲೆ. ಸವೆದರೆ ಅದನ್ನು ಬದಲಿಸಿಕೊಡುವ ಆತುರ ದೇಹಕ್ಕಿಲ್ಲ.

ಇನ್ನು ಎಲುಬು. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯರು ದೂರ ಕವಾಯತು ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟರು. ಬಿದ್ದಿಲ್ಲ, ಪೆಟ್ಟಾಗಿಲ್ಲ, ನಡೆದದ್ದಷ್ಟೇ. ಏನೆಂದು ತಿಳಿಯಲು ನಾಲ್ಕು ದಶಕ ಬೇಕಾಯಿತು. ಎಕ್ಸ್‌ರೇ ಬಂದ ಮೇಲೆ, 1897ರಲ್ಲಿ, ಷ್ಟೆಕೋ ಎಂಬವರು ಅಂಥ ಪಾದಗಳ ಚಿತ್ರ ತೆಗೆದು ನೋಡಿದರೆ ಬೆರಳುಗಳ ಹಿಂದಿನ ಉದ್ದನೆಯ ಎಲುಬು ಸೀಳಿತ್ತು. ಇದನ್ನು ಈಗ ಒತ್ತಡದ ಬಿರುಕು ಎನ್ನುತ್ತಾರೆ. ಪಾದದಲ್ಲೂ ಮೊಣಕಾಲ ಕೆಳಗಿನ ಎಲುಬಿನಲ್ಲೂ ಹೆಚ್ಚು. ತೊಡೆಯೆಲುಬಿನ ಕತ್ತಿನಲ್ಲಿ ಆದರೆ ಬಹಳ ಅಪಾಯ.

ಎಲುಬು ಕಲ್ಲಲ್ಲ, ದಿನವೂ ರಿಪೇರಿ ನಡೆಯುವ ಹಳೇ ಮನೆ. ನಡೆದಾಗ ಬೀಳುವ ಸೂಕ್ಷ್ಮ ಬಿರುಕುಗಳಿದ್ದ ಜಾಗಕ್ಕೆ ಮೊದಲು ಕೆಡಹುವ ಕೋಶಗಳು ಬರುತ್ತವೆ. ಅವು ಹಳೆಯ ಎಲುಬನ್ನು ಕರಗಿಸಿ ಗುಂಡಿ ತೋಡುತ್ತವೆ. ಇದಕ್ಕೆ ಸುಮಾರು ಮೂರು ವಾರ. ನಂತರ ಕಟ್ಟುವ ಕೋಶಗಳು ಬಂದು ಆ ಗುಂಡಿಯನ್ನು ಹೊಸ ಎಲುಬಿನಿಂದ ತುಂಬುತ್ತವೆ. ಇದಕ್ಕೆ ಸುಮಾರು ಮೂರು ತಿಂಗಳು. ಕೆಡಹುವುದು ಬೇಗ, ಕಟ್ಟುವುದು ತಡ. ಗೋಡೆ ಒಡೆದ ಗಾರೆಯವನು ಹೋಗಿ, ಕಟ್ಟುವವನು ಇನ್ನೂ ಅರ್ಧ ಕಟ್ಟಿರುವಾಗಲೇ ಮಾಳಿಗೆಯ ಮೇಲೆ ಮೂಟೆ ಪೇರಿಸಿದರೆ ಏನಾಗುತ್ತದೆ? ಹೊಸದಾಗಿ ತರಬೇತಿಗೆ ಸೇರಿದವರಿಗೆ ಆಗುವುದು ಅದೇ. ಮೂರನೆಯ, ನಾಲ್ಕನೆಯ ವಾರದಲ್ಲಿ ಅವರ ಎಲುಬು ಶುರುವಿನಲ್ಲಿದ್ದದ್ದಕ್ಕಿಂತಲೂ ಬಡವಾಗಿರುತ್ತದೆ. ಅದೇ ಮೂರನೆಯ ವಾರದಲ್ಲಿ ಅವರ ರಕ್ತ ಹೆಚ್ಚಿರುತ್ತದೆ, ದಮ್ಮು ಬಂದಿರುತ್ತದೆ, ಇನ್ನೂ ಓಡಬಲ್ಲೆನೆಂಬ ಹುಮ್ಮಸ್ಸು ಏರಿರುತ್ತದೆ. ಉಸಿರು ಹೂಂ ಎನ್ನುವ ಹೊತ್ತಿಗೇ ಎಲುಬು ಬೇಡ ಎನ್ನುತ್ತಿರುತ್ತದೆ. ಉಸಿರಿನ ದನಿ ನಮಗೆ ಕೇಳಿಸುತ್ತದೆ, ಎಲುಬಿನದು ಕೇಳಿಸುವುದಿಲ್ಲ.

ಖಾನಾಪುರ ರಸ್ತೆಯ ಹುಡುಗ ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದ ಜಾಗ ಅದೇ ದನಿ. ಎಲುಬಿನುದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ಎಲುಬಿನ ಮೇಲಿನ ಪೊರೆ ಮತ್ತು ಸ್ನಾಯುಗಳ ಒತ್ತಡದ್ದು. ಬೆರಳ ತುದಿಯಷ್ಟೇ ಜಾಗದಲ್ಲಿ ನೆಟ್ಟ ನೋವು, ಓಡುವಾಗ ಏರಿ ಬರಬರುತ್ತ ರಾತ್ರಿಯೂ ಉಳಿಯತೊಡಗಿದರೆ, ಅದು ಬಿರುಕಿನ ಗುರುತು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. “ಎಕ್ಸ್‌ರೇ ಕ್ಲಿಯರ್ ಅದ” ಎಂದು ಮತ್ತೆ ಓಡಲು ಹೊರಟವರನ್ನು ನೋಡಿದಾಗ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ನಾನು ಆ ಹುಡುಗನಿಗೂ ಅದನ್ನೇ ಹೇಳಿದೆ. ಕಣ್ಣಲ್ಲಿ ನೀರು ತಂದುಕೊಂಡ. ಭರ್ತಿಗೆ ಐದೇ ವಾರ ಉಳಿದಿತ್ತು.

ಹಾಗಾದರೆ ಎಲುಬನ್ನು ಗಟ್ಟಿ ಮಾಡುವುದು ಹೇಗೆ? ಉತ್ತರ ಓಟದ ಹೊರಗಿದೆ. ಇಸ್ರೇಲಿನಲ್ಲಿ ಚಾರ್ಲ್ಸ್ ಮಿಲ್‌ಗ್ರೋಮ್ ಮತ್ತು ಸಂಗಡಿಗರು ಕಾಲಾಳುಪಡೆಗೆ ಹೊಸದಾಗಿ ಸೇರಿದವರನ್ನು ಗಮನಿಸಿದರು. ಸೇರುವ ಮುಂಚೆ ಎರಡು ವರ್ಷವಾದರೂ ಚೆಂಡಿನ ಆಟ, ಮುಖ್ಯವಾಗಿ ಬಾಸ್ಕೆಟ್‌ಬಾಲ್, ಆಡಿದ್ದವರಲ್ಲಿ ಒತ್ತಡದ ಬಿರುಕು ಉಳಿದವರಿಗಿಂತ ಅರ್ಧಕ್ಕೂ ಕಡಿಮೆ. ಬರೀ ಓಡಿಕೊಂಡು ಬಂದವರಿಗೆ ಆ ರಕ್ಷಣೆ ಸಿಕ್ಕಿರಲಿಲ್ಲ. ಒಂದೇ ದಿಕ್ಕಿನಲ್ಲಿ ಒಂದೇ ಲಯದಲ್ಲಿ ಬೀಳುವ ಸಾವಿರ ಹೆಜ್ಜೆಗೆ ಎಲುಬು ಕಿವುಡಾಗುತ್ತದೆ. ಜಿಗಿತ, ಥಟ್ಟನೆ ತಿರುಗುವುದು, ಅಡ್ಡ ಹಾರುವುದು ಅದನ್ನು ಎಚ್ಚರಿಸುತ್ತವೆ. ರೂಬಿನ್ ಮತ್ತು ಲ್ಯಾನ್ಯನ್ ಎಂಬ ವಿಜ್ಞಾನಿಗಳು 1984ರಲ್ಲಿ ಹಕ್ಕಿಯ ರೆಕ್ಕೆಯೆಲುಬಿಗೆ ದಿನವೂ ಎಣಿಸಿ ಎಣಿಸಿ ಒತ್ತಡ ಕೊಟ್ಟು ನೋಡಿದರು. ದಿನಕ್ಕೆ 36 ಸಲ ಸಾಕಾಯಿತು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಲ ಕೊಟ್ಟರೂ ಎಲುಬು ಹೆಚ್ಚೇನೂ ಬೆಳೆಯಲಿಲ್ಲ. ಕೆಲವು ಗಂಟೆ ಬಿಡುವು ಸಿಕ್ಕರೆ ಎಲುಬಿನ ಕಿವಿ ಮತ್ತೆ ತೆರೆಯುತ್ತದೆ. ನಮ್ಮ ಹಳ್ಳಿಯ ಖೋಖೋ, ಕಬಡ್ಡಿ, ವಾಲಿಬಾಲ್ ಅಂಗಳಗಳು ಇದಕ್ಕಿಂತ ಇನ್ನೇನು ಮಾಡುತ್ತವೆ? ಸಾಯಂಕಾಲ ಒಂದು ತಾಸು ಖೋಖೋ ಆಡುವವನು ಸಮಯ ಹಾಳು ಮಾಡುತ್ತಿಲ್ಲ, ಎಲುಬು ಕಟ್ಟಿಕೊಳ್ಳುತ್ತಿದ್ದಾನೆ.

ಕಟ್ಟಲು ಸಾಮಾನೂ ಬೇಕು. ಅಮೆರಿಕದ ನೌಕಾಪಡೆಗೆ ಸೇರಿದ ಹೆಣ್ಣುಮಕ್ಕಳಿಗೆ ಎಂಟು ವಾರ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟ ಪ್ರಯೋಗದಲ್ಲಿ ಬಿರುಕುಗಳು ಐದರಲ್ಲಿ ಒಂದು ಪಾಲು ಕಡಿಮೆಯಾದವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ತೂಕ ಇಳಿಸಬೇಕೆಂದು ಊಟ ಬಿಟ್ಟು ಓಡುವುದು ಮಾತ್ರ ಎಲುಬಿಗೆ ಮಾಡುವ ದ್ರೋಹ. ಊಟ ಸಾಲದಾದಾಗ ದೇಹ ಮೊದಲು ನಿಲ್ಲಿಸುವ ಕಾಮಗಾರಿಗಳಲ್ಲಿ ಎಲುಬು ಕಟ್ಟುವುದೂ ಒಂದು.

ಏರಿಗಿಂತ ಇಳಿಜಾರು ಮೋಸದ್ದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆಗ ಅದರೊಳಗಿನ ಎಳೆಗಳು ಹರಿಯುತ್ತವೆ. ಹತ್ತು ಕಿಲೋ ಚೀಲದೊಂದಿಗೆ ಮೊದಲ ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇಳಿದ ಮರುದಿನ ನನಗೇನೂ ಅನಿಸಲಿಲ್ಲ. ಎರಡನೆಯ ದಿನ ಬಸ್ಸಿನಿಂದ ಇಳಿಯಲು ಕಂಬಿ ಹಿಡಿಯಬೇಕಾಯಿತು. ಎರಡು ವಾರ ಬಿಟ್ಟು ಮತ್ತೆ ಇಳಿದೆ. ನೋವು ಕಾಲುಭಾಗವೂ ಇರಲಿಲ್ಲ. ಒಮ್ಮೆ ಪೆಟ್ಟು ತಿಂದ ಸ್ನಾಯು ವಾರಗಟ್ಟಲೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಬೆಟ್ಟದ ಕೋರ್ಸಿಗೆ ಹೋಗುವವರು ಇಳಿಯುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಸಮತಟ್ಟಾದ ಮೈದಾನದ ಸಾವಿರ ಸುತ್ತು ಅದನ್ನು ಕಲಿಸುವುದಿಲ್ಲ.

ಪಾದದ ಗುಳ್ಳೆಯ ಬಗ್ಗೆ ಎರಡೇ ಮಾತು. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಉಜ್ಜಿಕೊಳ್ಳುತ್ತದೆ, ಹೊಸ ಬೂಟು ಹಾಕಿಕೊಂಡು ಕೋರ್ಸಿಗೆ ಹೋಗಬಾರದು. ಕಾಲಿನಲ್ಲಿರುವ ಒಂದು ಕಿಲೋ ಬೆನ್ನ ಮೇಲಿನ ಸುಮಾರು ಐದು ಕಿಲೋಗೆ ಸಮ ಎನ್ನುವುದನ್ನೂ ನೆನಪಿಟ್ಟು ಬೂಟು ಕೊಳ್ಳಬೇಕು.

ಸೆಕೆಯ ವಿಚಾರಕ್ಕೆ ಮಾತ್ರ ನಿಲ್ಲಲೇಬೇಕು, ಅದರಲ್ಲಿ ಪ್ರಾಣ ಹೋಗುತ್ತದೆ. ಹೊರೆ ಹೊತ್ತು 500 ವಾಟ್ ಉರಿಯುತ್ತಿರುವ ಮೈಯಲ್ಲಿ ಆ ಶಕ್ತಿಯ ಹೆಚ್ಚಿನ ಪಾಲು ಶಾಖವೇ. ಅದು ಹೊರಹೋಗದಿದ್ದರೆ 65 ಕಿಲೋ ದೇಹ ಎಂಟು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಕಾಯುತ್ತದೆ. ಉಳಿಸುವುದು ಬೆವರು, ಅದೂ ಆರುವ ಬೆವರು. ಕಾರವಾರದ ಮೇ ತಿಂಗಳಿನಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಮೈ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಸುರಿಯುತ್ತದೆ, ಉಪ್ಪು ಕಡಿಮೆ ಹೋಗುತ್ತದೆ. ಊಟಿಯಂಥ ಜಾಗದಲ್ಲಿ ತಯಾರಾದವನು ನೇರ ಕರಾವಳಿಗೆ ಬಂದು ಮೊದಲ ದಿನವೇ ಹೊರೆ ಹೊತ್ತು ಓಡಬಾರದು. ಓಡುತ್ತಿದ್ದವನು ತಡವರಿಸಿ, ಅಸಂಬದ್ಧ ಮಾತಾಡಿ ಕುಸಿದರೆ ಆಂಬುಲೆನ್ಸ್ ಕಾಯುತ್ತ ನಿಲ್ಲುವ ಹೊತ್ತಲ್ಲ ಅದು. ಐಸ್ ನೀರಿನ ತೊಟ್ಟಿ, ಇಲ್ಲವೇ ಕೊಡಗಟ್ಟಲೆ ತಣ್ಣೀರು. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ನೀರು ಕುಡಿಯುವುದರಲ್ಲೂ ಹದ ಬೇಕು. ಬಾಯಾರಿಕೆ ಮೀರಿ ಲೀಟರುಗಟ್ಟಲೆ ಕುಡಿದು ರಕ್ತದ ಸೋಡಿಯಂ ಇಳಿದು ಸತ್ತ ಸೈನಿಕರಿದ್ದಾರೆ.

ಇಷ್ಟೆಲ್ಲ ಕೂಡಿಟ್ಟುಕೊಂಡು ಕೋರ್ಸಿಗೆ ಹೋದ ಮೇಲೆ ಏನಾಗುತ್ತದೆ? ಕರಗುತ್ತದೆ. ರೇಂಜರ್ ಸ್ಕೂಲಿನಲ್ಲಿ ಉದ್ದೇಶಪೂರ್ವಕವಾಗಿಯೇ ಊಟ ಕಡಿಮೆ, ನಿದ್ದೆ ದಿನಕ್ಕೆ ಕೆಲವೇ ಗಂಟೆ. 1990ರ ದಶಕದ ಆರಂಭದಲ್ಲಿ ಸೇನೆಯ ವಿಜ್ಞಾನಿಗಳು ಅಳೆದ ಮೊದಲ ತಂಡದವರು ಮುಗಿಸುವ ಹೊತ್ತಿಗೆ ಸರಾಸರಿ ಶೇ. 16ರಷ್ಟು ತೂಕ ಕಳೆದುಕೊಂಡಿದ್ದರು. 75 ಕಿಲೋ ಇದ್ದವನು 63ಕ್ಕೆ ಬಂದ ಹಾಗೆ. ಮೈಯ ಕೊಬ್ಬು ಬದುಕಲು ಬೇಕಾದಷ್ಟಕ್ಕೆ ಬಂದು ಮುಟ್ಟಿತ್ತು. ಗಂಡುಹಾರ್ಮೋನು ಪಾತಾಳಕ್ಕಿಳಿದಿತ್ತು, ಸೋಂಕು ತಡೆಯುವ ಶಕ್ತಿ ಕುಗ್ಗಿತ್ತು. ಈ ಅಳತೆಗಳ ನಂತರ ಊಟ ಸ್ವಲ್ಪ ಹೆಚ್ಚಿಸಿದರು. 1995ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಜೌಗಿನಲ್ಲಿ ಎದೆಮಟ್ಟದ ತಣ್ಣೀರಿನಲ್ಲಿ ಗಂಟೆಗಟ್ಟಲೆ ನಡೆದ ನಾಲ್ವರು ವಿದ್ಯಾರ್ಥಿಗಳು ಮೈ ತಣ್ಣಗಾಗಿ ಸತ್ತರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಹೀರುತ್ತದೆ. ಅದನ್ನು ತಡೆಯುವ ಕೊಬ್ಬಿನ ಹೊದಿಕೆ ಕೋರ್ಸಿನ ಕೊನೆಯ ಘಟ್ಟದಲ್ಲಿ ಯಾರ ಮೈಮೇಲೂ ಉಳಿದಿರುವುದಿಲ್ಲ.

ಹೊಟ್ಟೆಯ ಎಂಟು ಗೆರೆ ಕಾಣುವಂತೆ ಮೈ ಒಣಗಿಸಿಕೊಂಡು ಇಂಥ ಕೋರ್ಸಿಗೆ ಹೋಗುವುದು ಜಾಣತನವಲ್ಲ ಎಂದು ನಾನು ಹೇಳುವುದು ಇದಕ್ಕೇ. ತೀರಾ ಒಣಗಿದವನ ಮೈ ಹಸಿವಿನಲ್ಲಿ ಕೊಬ್ಬಿನ ಬದಲು ಸ್ನಾಯುವನ್ನೇ ಸುಡುತ್ತದೆ. ಬೇಸಿಗೆಗೆ ಮುಂಚೆ ಕಣಜ ತುಂಬುವ ರೈತನಂತೆ ಒಂದೆರಡು ಕಿಲೋ ಮೈಮೇಲೆ ಇಟ್ಟುಕೊಂಡೇ ಹೋಗಬೇಕು.

ಖಾನಾಪುರ ರಸ್ತೆಯ ಹುಡುಗ ಆ ವರ್ಷದ ಭರ್ತಿ ಬಿಟ್ಟ. ಬಿರುಕು ಕೂಡುವವರೆಗೆ ಓಟ ನಿಲ್ಲಿಸಿ ಈಜಿದ, ಸೈಕಲ್ ತುಳಿದ. ಆಮೇಲೆ ನಾವಿಬ್ಬರೂ ಕೂತು ಮುಂದಿನ ಭರ್ತಿಯ ತಾರೀಖಿನಿಂದ ಹಿಂದಕ್ಕೆ ಎಣಿಸಿದೆವು. ಅವನ ಮನೆಯ ಗೋಡೆಯ ಮೇಲೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿತ್ತು. ಮೊದಲ ಎರಡು ತಿಂಗಳು ಬಸ್ಕಿ, ಕಲ್ಲು ಎತ್ತುವುದು, ಸಾಯಂಕಾಲ ಖೋಖೋ, ಮಣ್ಣಿನ ದಾರಿಯಲ್ಲಿ ನಡಿಗೆ ಮತ್ತು ನಿಧಾನದ ಓಟ. ಮೂರನೆಯ ತಿಂಗಳಿನಿಂದ ವಾರಕ್ಕೊಮ್ಮೆ ಮಾತ್ರ ಹೊರೆಯ ನಡಿಗೆ, ಐದು ಕಿಲೋ ಮರಳಿನಿಂದ ಶುರು. ತೂಕ, ದೂರ, ವೇಗ, ಒಂದು ವಾರಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಏರಿಸುವುದು. ಪ್ರತಿ ನಾಲ್ಕನೆಯ ವಾರ ಎಲ್ಲವನ್ನೂ ಇಳಿಸುವುದು. “ಹೊರಿ ಯಾಕ್ರಿ ಸರ, ಭರ್ತಿಯೊಳಗ ಹೊರಿ ಇಲ್ಲಲ್ರಿ?” ಎಂದು ಕೇಳಿದ. ಭರ್ತಿಯಾದ ಮೇಲೆ ಇದೆಯಲ್ಲ ಎಂದೆ. ಅವನ ಅವ್ವ ಒಲೆಯ ಹತ್ತಿರದಿಂದಲೇ ಇಣುಕಿ ನೋಡಿ, ಕೊನೆಯ ಹತ್ತು ದಿನದ ಚೌಕಗಳಲ್ಲಿ ಯಾಕೆ ಏನೂ ಬರೆದಿಲ್ಲ ಎಂದು ಕೇಳಿದಳು. ಆ ಹತ್ತು ದಿನ ಉಣ್ಣುವುದು, ನಿದ್ದೆ ಮಾಡುವುದು, ಸ್ವಲ್ಪ ಓಡಾಡುವುದು. ಅಲ್ಲಿಯವರೆಗೆ ತೋಡಿದ ಗುಂಡಿಗಳನ್ನು ಒಳಗಿನವರು ತುಂಬಿ ಮುಗಿಸಬೇಕಲ್ಲ, ಎಂದ ಹುಡುಗ, ನಾನು ಬಾಯಿ ತೆರೆಯುವ ಮೊದಲೇ.